ಬಣ್ಣ ಕೀಳುವಾಗ ಉಗುರೂ ಕಿತ್ತು ಬರುತ್ತದೆ

ಮದುವೆ ಸೀಜನ್ ಮುಗಿದು ಎರಡು ಮೂರು ವಾರ ಕಳೆಯಲಿ, ದೇವದುರ್ಗದ ಪಾರ್ಲರ್‌ಗಳಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ. ಮದುವೆಗೆ ಮುಂಚೆ ಸೀರೆಗೆ ಯಾವ ಕಲರ್ ಒಪ್ಪುತ್ತದೆ ಎಂಬ ಚರ್ಚೆ. ಆಮೇಲೆ, ‘ಅಕ್ಕಾರ, ಉಗುರು ಪದರ ಪದರ ಕಿತ್ತು ಬರಾಕತ್ತ್ಯಾವ್ರಿ’ ಎಂಬ ದೂರು. ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಏನಾಗಲ್ಲ ತಗೀರಿ, ಮ್ಯಾಲ ಇನ್ನೊಂದು ಕೋಟ್ ಹೊಡೆದ್ರ ಮುಚ್ಚಿ ಹೋಗ್ತದ.’

ಮುಚ್ಚಿ ಹೋಗುವುದೇನೋ ನಿಜ. ಆದರೆ ಆ ಕೋಟ್ ಕೂಡ ಮೂರು ವಾರಕ್ಕೆ ಅಂಚಿನಲ್ಲಿ ಎದ್ದೇಳುತ್ತದೆ, ಅದನ್ನೂ ಕೀಳಬೇಕಾಗುತ್ತದೆ, ಕೀಳುವಾಗ ಉಳಿದಿದ್ದ ಉಗುರಿನಲ್ಲಿ ಇನ್ನೊಂದು ಪದರ ಹೋಗುತ್ತದೆ. ಜೆಲ್ ಪಾಲಿಶ್ ಉಗುರನ್ನು ತಿಂದುಹಾಕುತ್ತದೆ ಎಂಬ ದೂರು ಊರೆಲ್ಲ ಇದೆ. ಅಂಟಿಕೊಂಡು ಕೂತ ಜೆಲ್ ಅಷ್ಟು ಕೆಡುಕು ಮಾಡುವುದಿಲ್ಲ. ಹೆಚ್ಚಿನ ಹಾನಿ ಆಗುವುದು ಅದನ್ನು ತೆಗೆಯುವ ಹತ್ತು ನಿಮಿಷದಲ್ಲಿ. ಹಚ್ಚಿಸಿಕೊಳ್ಳುವಾಗ ಒಂದೂವರೆ ಗಂಟೆ ತಾಳ್ಮೆಯಿಂದ ಕೂರುವ ನಾವು ತೆಗೆಯುವ ಕೆಲಸವನ್ನು ಹಲ್ಲಿಗೋ ಬ್ಲೇಡಿಗೋ ಬಿಡುತ್ತೇವೆ.

ಹತ್ತು ಹದಿನೈದು ವರ್ಷದ ಹಿಂದೆ ನಮ್ಮ ಕಡೆ ಮದುಮಗಳ ಉಗುರಿಗೆ ಗೋರಂಟಿ ಇರುತ್ತಿತ್ತು, ಹೆಚ್ಚೆಂದರೆ ಸಂತೆಯಲ್ಲಿ ಕೊಂಡ ಕೆಂಪು ನೈಲ್ ಪಾಲಿಶ್. ಈಗ ಮೊಬೈಲಿನಲ್ಲಿ ರೀಲ್ಸ್ ನೋಡಿದ ಹುಡುಗಿಯರಿಗೆ ಜೆಲ್ಲೇ ಬೇಕು. ರಾಯಚೂರಿಗೆ ಹೋಗಿ ಹಚ್ಚಿಸಿಕೊಂಡು ಬರುವವರಿದ್ದಾರೆ, ಆನ್‌ಲೈನ್‌ನಲ್ಲಿ ಪುಟ್ಟ ದೀಪದ ಸಮೇತ ಕಿಟ್ ತರಿಸಿಕೊಂಡು ಮನೆಯಲ್ಲೇ ಹಚ್ಚಿಕೊಳ್ಳುವವರಿದ್ದಾರೆ. ಬೇಡ ಎನ್ನಲು ಈ ಬರಹ ಹೊರಟಿಲ್ಲ. ಹಚ್ಚಿಕೊಂಡವರ ಉಗುರು ಉಳಿಯುವ ದಾರಿ ಏನೆಂದು ನೋಡೋಣ.

ಒಣಗುವ ಬಣ್ಣ, ಗಟ್ಟಿಯಾಗುವ ಬಣ್ಣ

ಸಾದಾ ನೈಲ್ ಪಾಲಿಶ್‌ನಲ್ಲಿ ಬಣ್ಣವನ್ನು ಒಂದು ದ್ರಾವಕದಲ್ಲಿ ಕರಗಿಸಿರುತ್ತಾರೆ. ಹಚ್ಚಿದ ಮೇಲೆ ದ್ರಾವಕ ಆರಿಹೋಗುತ್ತದೆ, ಬಣ್ಣದ ಪೊರೆ ಉಳಿಯುತ್ತದೆ. ರಿಮೂವರ್ ಹಾಕಿದ ಹತ್ತಿಯಿಂದ ಒರೆಸಿದರೆ ಮತ್ತೆ ಕರಗಿ ಬಂದುಬಿಡುತ್ತದೆ. ಜೆಲ್ ಹಾಗೆ ಒಣಗುವಂಥದ್ದಲ್ಲ. ಅದರಲ್ಲಿರುವುದು ಮೆಥಾಕ್ರಿಲೇಟ್ ಜಾತಿಯ ರಾಸಾಯನಿಕಗಳು. ದೀಪದಿಂದ ಬರುವ ಅತಿನೇರಳೆ ಕಿರಣ ಬಿದ್ದೊಡನೆ ಅದರ ಸಣ್ಣ ಅಣುಗಳು ಒಂದರ ಕೈ ಒಂದು ಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಉಗುರಿನ ಮೇಲೆ ಕೂರುವುದು ಒಂದು ತೆಳು ಪ್ಲಾಸ್ಟಿಕ್. ಪಾತ್ರೆ ತೊಳೆದರೂ ರೊಟ್ಟಿ ಬಡಿದರೂ ಎರಡು ಮೂರು ವಾರ ಮಿರಿಮಿರಿ ಮಿಂಚುವುದು ಇದೇ ಕಾರಣಕ್ಕೆ. ರಿಮೂವರ್‌ನಿಂದ ಒರೆಸಿದರೆ ಹೋಗದಿರುವುದಕ್ಕೂ ಇದೇ ಕಾರಣ. ಹೆಣೆದುಕೊಂಡ ಬಲೆಯನ್ನು ಅಸಿಟೋನ್ ಕರಗಿಸಲಾರದು. ನೆನೆಸಿ ಉಬ್ಬಿಸಿ ಸಡಿಲ ಮಾಡಬಲ್ಲದು, ಅಷ್ಟೇ. ಅದಕ್ಕೆ ಸಮಯ ಬೇಕು.

ಈ ರಸಾಯನ ಶಾಸ್ತ್ರ ಬಂದದ್ದು ಹಲ್ಲಿನ ಆಸ್ಪತ್ರೆಯಿಂದ. 1950ರ ದಶಕದಲ್ಲಿ ಅಮೆರಿಕದ ದಂತವೈದ್ಯ ಫ್ರೆಡ್ ಸ್ಲ್ಯಾಕ್ ತನ್ನ ಮುರಿದ ಉಗುರಿಗೆ ಹಲ್ಲಿಗೆ ಬಳಸುವ ಅಕ್ರಿಲಿಕ್ ಹಚ್ಚಿ ನೋಡಿದ, ಅಲ್ಲಿಂದ ಕೃತಕ ಉಗುರಿನ ವ್ಯಾಪಾರ ಬೆಳೆಯಿತು. ಇಂದಿಗೂ ದಂತವೈದ್ಯರು ಹಲ್ಲಿನ ತೂತು ತುಂಬಿ ನೀಲಿ ಬೆಳಕು ಹಿಡಿಯುವುದೂ ಪಾರ್ಲರಿನವರು ಜೆಲ್ ಹಚ್ಚಿ ಕೈಯನ್ನು ದೀಪದ ಕೆಳಗಿಡುವುದೂ ಒಂದೇ ಮನೆತನದ ವಿದ್ಯೆ. ಈ ನಂಟು ಮುಂದೆ ಅಲರ್ಜಿಯ ಮಾತು ಬಂದಾಗ ಬೇಕಾಗುತ್ತದೆ.

ಇನ್ನು ಉಗುರು. ಕಣ್ಣಿಗೆ ಕಾಣುವ ಉಗುರಿನಲ್ಲಿ ಜೀವವಿಲ್ಲ. ಕೆರಾಟಿನ್ ಎಂಬ ಪ್ರೋಟೀನು ತುಂಬಿದ ಸತ್ತ ಕೋಶಗಳು ತೆಳು ಹಾಳೆಗಳಾಗಿ ಒಂದರ ಮೇಲೊಂದು ಒತ್ತಿ ಕೂತಿರುತ್ತವೆ, ಪ್ಲೈವುಡ್ ಹಲಗೆಯ ಹಾಗೆ. ಎಲ್ಲವನ್ನೂ ಸೇರಿಸಿದರೆ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಗಟ್ಟಿತನ ಹೆಚ್ಚಿರುವುದು ಮೇಲಿನ ಹಾಳೆಗಳಲ್ಲಿ. ಜೀವವಿರುವುದು ಬುಡದ ಚರ್ಮದ ಒಳಗೆ ಅಡಗಿದ ಉಗುರಿನ ಬೇರಿನಲ್ಲಿ. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಕಾಣುವ ಬಿಳಿ ಅರ್ಧಚಂದ್ರ ಆ ಬೇರಿನ ತುದಿ.

ಚರ್ಮಕ್ಕೆ ಗಾಯವಾದರೆ ಮಾಯುತ್ತದೆ. ಉಗುರಿನ ಹಾಳೆ ಕಿತ್ತರೆ ಆ ಜಾಗದಲ್ಲಿ ಮತ್ತೆ ಕೂಡಿಕೊಳ್ಳುವುದಿಲ್ಲ. ಬುಡದಿಂದ ಹೊಸ ಉಗುರು ಹುಟ್ಟಿ, ಹಾಳಾದ ಭಾಗವನ್ನು ಮುಂದೆ ತಳ್ಳಿ, ನಾವು ಅದನ್ನು ಕತ್ತರಿಸಿ ಹಾಕುವವರೆಗೆ ಕಾಯಬೇಕು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಗೆ ಬರಲು ಸುಮಾರು ಆರು ತಿಂಗಳು. ಬಸವ ಜಯಂತಿ ಹೊತ್ತಿಗೆ ಹಾಳಾದ ಉಗುರು ಪೂರ್ತಿ ಹೊಸದಾಗುವುದು ದೀಪಾವಳಿಗೆ. ಕಾಲ್ಬೆರಳಿನದಾದರೆ ವರ್ಷ, ಒಂದೂವರೆ ವರ್ಷ. ‘ಏಳು ದಿನದಲ್ಲಿ ಉಗುರು ರಿಪೇರಿ’ ಎಂಬ ಜಾಹೀರಾತು ಕಂಡರೆ ಈ ಲೆಕ್ಕ ನೆನಪಿಸಿಕೊಳ್ಳಿ.

ಆ ಹತ್ತು ನಿಮಿಷ

ಸಾಮಾನ್ಯವಾಗಿ ಹೀಗಾಗುತ್ತದೆ. ಹಚ್ಚಿದ ಎರಡನೇ ವಾರ, ಹಿಟ್ಟು ನಾದುವಾಗಲೋ ಬಟ್ಟೆ ಹಿಂಡುವಾಗಲೋ ತೋರುಬೆರಳಿನ ಜೆಲ್ಲಿನ ಒಂದು ಮೂಲೆ ಎದ್ದಿರುತ್ತದೆ. ಕೂದಲು ಸಿಕ್ಕಿಕೊಳ್ಳುತ್ತದೆ. ಬಸ್ಸಿನಲ್ಲಿ ಕೂತಾಗ ಹೆಬ್ಬೆರಳು ತನ್ನಷ್ಟಕ್ಕೆ ಆ ಮೂಲೆಗೆ ಹೋಗುತ್ತದೆ. ಒಮ್ಮೆ ಎತ್ತಿದರೆ ಚಿಟ್ಟನೆ ಇಡೀ ಹಾಳೆ ಬರುತ್ತದೆ, ಏನೋ ಒಂದು ಸಮಾಧಾನ. ಕಿತ್ತು ಬಂದ ಆ ಚೂರನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ಒಳಮೈಯಲ್ಲಿ ಬಿಳಿ ಹೊಟ್ಟಿನಂಥದ್ದು ಅಂಟಿರುತ್ತದೆ. ಅದು ನಿಮ್ಮ ಉಗುರಿನ ಮೇಲ್ಪದರ. ಬೆರಳಿನ ಮೇಲೆ ಅದೇ ಆಕಾರದ ಸುಣ್ಣದಂಥ ಕಲೆ ಉಳಿದಿರುತ್ತದೆ.

ಆ ಬಿಳಿ ಕಲೆ ನೋಡಿದವರು ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು ಗುಳಿಗೆ ತರುತ್ತಾರೆ. ಅದಕ್ಕೂ ಕ್ಯಾಲ್ಸಿಯಂಗೂ ಸಂಬಂಧವಿಲ್ಲ. ಹಾಳೆ ಹರಿದ ಜಾಗ ಒರಟಾಗಿ ಬೆಳಕು ಚೆದುರಿ ಬೆಳ್ಳಗೆ ಕಾಣುತ್ತದೆ.

ಪಾರ್ಲರಿನಲ್ಲೂ ಅವಸರವಿದ್ದರೆ ಇದೇ ಕಥೆ. ಸ್ಟೀಲ್ ಪುಷರ್‌ನಿಂದ ಕೆರೆಯುವುದು, ಮೆಷಿನ್ ಇಟ್ಟು ಜೆಲ್ಲಿನ ಜೊತೆ ಉಗುರನ್ನೂ ಉಜ್ಜಿಹಾಕುವುದು. ಉಗುರು ತೀರಾ ತೆಳುವಾಯಿತು ಎನ್ನುವುದಕ್ಕೆ ಒಂದು ಗುರುತಿದೆ: ಮುಂದಿನ ಸಲ ದೀಪದ ಕೆಳಗೆ ಕೈಯಿಟ್ಟಾಗ ಸುರ್ರನೆ ಉರಿಯುತ್ತದೆ. ಜೆಲ್ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ದಪ್ಪ ಉಗುರಿದ್ದರೆ ಅದು ಒಳಗೆ ತಟ್ಟುವುದಿಲ್ಲ. ಕೋಟ್ ದಪ್ಪ ಆದರೂ ಉರಿ ಬರಬಹುದು. ಎರಡರಲ್ಲಿ ಯಾವುದೇ ಇರಲಿ, ಉರಿ ಸಹಿಸಿಕೊಂಡು ಕೂರಬಾರದು.

ಸರಿಯಾಗಿ ತೆಗೆಯುವ ಬಗೆ ಕಷ್ಟದ್ದೇನಲ್ಲ. ಮೊದಲು ಮೇಲಿನ ಹೊಳಪಿನ ಕೋಟನ್ನು ಮಾತ್ರ ಫೈಲ್‌ನಿಂದ ಹಗುರಾಗಿ ಉಜ್ಜಿ ಮಂಕು ಮಾಡಬೇಕು, ಅಸಿಟೋನ್ ಒಳಗಿಳಿಯಲು ದಾರಿಯಾಗಲಿ ಎಂದು. ಬೆರಳಿನ ಸುತ್ತಲ ಚರ್ಮಕ್ಕೆ ವ್ಯಾಸಲಿನ್ ಸವರಬೇಕು. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯ ಚೂರನ್ನು ಉಗುರಿನ ಮೇಲಿಟ್ಟು, ರೊಟ್ಟಿ ಕಟ್ಟುವ ಫಾಯಿಲ್ ಪೇಪರ್ ಇದೆಯಲ್ಲ, ಅದರ ತುಂಡಿನಿಂದ ಬೆರಳ ತುದಿ ಸುತ್ತಬೇಕು. ಹತ್ತರಿಂದ ಹದಿನೈದು ನಿಮಿಷ ಬಿಡಬೇಕು. ಬಿಚ್ಚಿದಾಗ ಜೆಲ್ ಸುಕ್ಕುಗಟ್ಟಿ ಎದ್ದಿರುತ್ತದೆ, ಕಟ್ಟಿಗೆಯ ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಜಾರುತ್ತದೆ. ಜಾರದಿದ್ದರೆ ಬಲ ಹಾಕುವುದು ಬೇಡ, ಮತ್ತೆ ಐದು ನಿಮಿಷ ಸುತ್ತಿಡಿ. ಮುಗಿದ ಮೇಲೆ ಕೈ ತೊಳೆದು ಎಣ್ಣೆ ಹಚ್ಚಿ. ಅಸಿಟೋನ್ ಉಗುರನ್ನೂ ಚರ್ಮವನ್ನೂ ಒಣಗಿಸುತ್ತದೆ.

ಒಂದು ಎಚ್ಚರಿಕೆ. ಅಸಿಟೋನ್ ಪೆಟ್ರೋಲಿನಷ್ಟೇ ಸುಲಭವಾಗಿ ಬೆಂಕಿ ಹಿಡಿಯುವ ವಸ್ತು. ಅಡುಗೆಮನೆಯಲ್ಲಿ ಗ್ಯಾಸ್ ಹೊತ್ತಿಸಿಕೊಂಡು, ದೇವರ ದೀಪದ ಹತ್ತಿರ ಕೂತು ಈ ಕೆಲಸ ಮಾಡಬಾರದು. ಬೇಗ ಬಿಡಲಿ ಎಂದು ಅದನ್ನು ಕಾಯಿಸುವುದಂತೂ ಬೇಡವೇ ಬೇಡ.

ಗೋರಂಟಿಯನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಉಗುರಿನ ಕೆರಾಟಿನ್‌ಗೇ ಹತ್ತಿಕೊಳ್ಳುತ್ತದೆ. ಮೇಲೆ ಪೊರೆ ಇಲ್ಲದ್ದರಿಂದ ಕೀಳುವ ಪ್ರಶ್ನೆಯೇ ಬರುವುದಿಲ್ಲ, ಉಗುರು ಬೆಳೆದ ಹಾಗೆ ತಾನೇ ತುದಿಗೆ ಸರಿದು ಹೋಗುತ್ತದೆ. ಅಜ್ಜಿಯರ ಉಗುರು ಚೆನ್ನಾಗಿದ್ದುದಕ್ಕೆ ಗೋರಂಟಿಯ ಔಷಧ ಗುಣವೇ ಕಾರಣ ಎನ್ನುವವರಿದ್ದಾರೆ. ಅವರು ಏನನ್ನೂ ಕೆರೆದು ತೆಗೆಯುತ್ತಿರಲಿಲ್ಲ ಎಂಬುದೂ ದೊಡ್ಡ ಕಾರಣವೇ. ಬೇಗ ಕಪ್ಪಾಗಲಿ ಎಂದು ಪಿಪಿಡಿ ಎಂಬ ಕೂದಲು ಬಣ್ಣದ ರಾಸಾಯನಿಕ ಬೆರೆಸಿದ ‘ಕಪ್ಪು ಮೆಹಂದಿ’ಯ ವಿಷಯ ಬೇರೆ. ಅದು ಚರ್ಮದಲ್ಲಿ ಗುಳ್ಳೆ ಎಬ್ಬಿಸಬಲ್ಲದು.

ಹಾಳಾದ ಮೇಲೆ

ಪದರ ಏಳುತ್ತಿರುವ ಉಗುರಿಗೆ ಮೊದಲ ಚಿಕಿತ್ಸೆ ನೇಲ್ ಕಟರ್. ಎಷ್ಟು ಗಿಡ್ಡ ಮಾಡಲು ಬರುತ್ತದೋ ಅಷ್ಟು ಮಾಡಿ. ಉದ್ದ ಬಿಟ್ಟಷ್ಟೂ ತುದಿ ಯಾವುದಕ್ಕಾದರೂ ಸಿಕ್ಕಿ ಸೀಳು ಮೇಲಕ್ಕೆ ಹತ್ತುತ್ತದೆ. ಎದ್ದ ಸಿಪ್ಪೆಯನ್ನು ಎಳೆಯದೆ ಕತ್ತರಿಸಿ. ಫೈಲ್ ನುಣ್ಣನೆಯದಿರಲಿ, ಒಂದೇ ದಿಕ್ಕಿಗೆ ಎಳೆಯಿರಿ.

ಎರಡನೆಯದು ನೀರಿನ ಲೆಕ್ಕ. ಉಗುರು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಹಾಳೆಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಜೆಲ್ ಮುಟ್ಟದವರ ಉಗುರೂ ಸೀಳುವುದು ಬಹುಮಟ್ಟಿಗೆ ಇದರಿಂದಲೇ. ನಮ್ಮ ಕಡೆ ಹೆಂಗಸರ ಕೈ ಒಣಗಿರುವ ಹೊತ್ತು ಎಷ್ಟು? ಬೆಳಿಗ್ಗೆ ಕುದಿಯುವ ಎಸರು ಹಾಕಿ ಜೋಳದ ಹಿಟ್ಟು ನಾದಬೇಕು, ಕೈ ಒದ್ದೆ ಮಾಡಿಕೊಂಡು ರೊಟ್ಟಿ ಬಡಿಯಬೇಕು, ಪಾತ್ರೆ, ಬಟ್ಟೆ, ನೆಲ. ಹೊಲಕ್ಕೆ ಹೋಗುವವರಿಗೆ ನಾಟಿ ಸಮಯದಲ್ಲಿ ದಿನವಿಡೀ ಕೆಸರು, ಹತ್ತಿ ಬಿಡಿಸುವಾಗ ಒಣ ಕಾಯಿಯ ಚೂಪು ತುದಿ. ಮೇಲಿಂದ ರಾಯಚೂರು ಸೀಮೆಯ ಬೇಸಿಗೆ, 40 ಡಿಗ್ರಿ ದಾಟಿದ ಒಣ ಗಾಳಿ. ಹೀಗಿರುವಾಗ ನೀರು ಮುಟ್ಟಬೇಡಿ ಎಂಬ ಉಪದೇಶ ನಡೆಯುವಂಥದ್ದಲ್ಲ. ನಡೆಯುವುದಿಷ್ಟು: ಪಾತ್ರೆಗೂ ಬಟ್ಟೆಗೂ ರಬ್ಬರ್ ಕೈಗವಸು, ನೀರಿನ ಕೆಲಸವನ್ನು ಆದಷ್ಟು ಒಟ್ಟಿಗೆ ಮುಗಿಸುವುದು, ಕೈ ಒರೆಸಿದ ಕೂಡಲೇ ಎಣ್ಣೆ.

ಎಣ್ಣೆ ಯಾವುದೆಂದು ತಲೆ ಕೆಡಿಸಿಕೊಳ್ಳಬೇಡಿ. ಕೊಬ್ಬರಿ, ಕುಸುಬಿ, ಶೇಂಗಾ, ಮನೆಯಲ್ಲಿದ್ದದ್ದು ನಡೆಯುತ್ತದೆ. ವ್ಯಾಸಲಿನ್ ಆದರೆ ತೇವವನ್ನು ಇನ್ನೂ ಚೆನ್ನಾಗಿ ಹಿಡಿದಿಡುತ್ತದೆ. ರಾತ್ರಿ ಮಲಗುವ ಮುಂಚೆ ಉಗುರಿಗೂ ಬುಡದ ಚರ್ಮಕ್ಕೂ ತಿಕ್ಕಿ. ತೀರಾ ಒಣಗಿ ಚೂರಾಗುತ್ತಿದ್ದರೆ ಮೆಡಿಕಲ್ ಶಾಪಿನಲ್ಲಿ ಯೂರಿಯಾ ಇರುವ ಕ್ರೀಮ್ ಸಿಗುತ್ತದೆ, ನೀರನ್ನು ಹಿಡಿದಿಡುವ ಗುಣ ಅದಕ್ಕಿದೆ. ಹೊಲಕ್ಕೆ ಹಾಕುವ ಯೂರಿಯಾವೂ ಅದೇ ವಸ್ತು ಎಂಬುದು ನಿಜ, ಹಾಗೆಂದು ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ.

‘ಹಾರ್ಡನರ್’ ಎಂದು ಮಾರುವ ಬಾಟಲಿಗಳ ಬಗ್ಗೆ ಜಾಗ್ರತೆ. ಅವುಗಳಲ್ಲಿ ಕೆಲವು ಫಾರ್ಮಾಲ್ಡಿಹೈಡ್ ಬಲದಿಂದ ಉಗುರನ್ನು ಬಿರುಸು ಮಾಡುತ್ತವೆ. ಮೊದಲ ವಾರ ಗಟ್ಟಿ ಅನ್ನಿಸಿದ್ದು ಆಮೇಲೆ ಬಾಗುವ ಗುಣವನ್ನೇ ಕಳೆದುಕೊಂಡು ಪಟ್ಟನೆ ಮುರಿಯುತ್ತದೆ. ಬಯೋಟಿನ್ ಗುಳಿಗೆಯ ಭರಾಟೆಯೂ ಜೋರಾಗಿದೆ. ಸುಲಭವಾಗಿ ಮುರಿಯುವ ಉಗುರಿನವರಿಗೆ ಸ್ವಲ್ಪ ಉಪಯೋಗವಾದೀತು ಎಂದು ಕೆಲವು ಸಣ್ಣ ಅಧ್ಯಯನಗಳಷ್ಟೇ ಹೇಳುತ್ತವೆ. ಕಿತ್ತು ಹೋದ ಪದರವನ್ನು ಯಾವ ಗುಳಿಗೆಯೂ ತಂದುಕೊಡುವುದಿಲ್ಲ. ಇನ್ನೊಂದು ಮಾತು ಮೆಡಿಕಲ್ ಶಾಪಿನವರು ಹೇಳುವುದಿಲ್ಲ: ಹೆಚ್ಚು ಬಯೋಟಿನ್ ತಿನ್ನುವವರ ರಕ್ತ ಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರಬಹುದು. ಥೈರಾಯ್ಡ್ ಪರೀಕ್ಷೆಯೂ ಹೃದಯಾಘಾತ ಪತ್ತೆ ಹಚ್ಚುವ ಟ್ರೊಪೋನಿನ್ ಪರೀಕ್ಷೆಯೂ ಇದರಲ್ಲಿ ಸೇರಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ರಕ್ತ ಕೊಡುವ ಮುಂಚೆ ಬಯೋಟಿನ್ ತಿನ್ನುತ್ತಿರುವುದನ್ನು ಹೇಳಿಬಿಡಿ.

ಹಾಳಾದ ಉಗುರಿಗೆ ಮತ್ತೆ ಜೆಲ್ ಯಾವಾಗ? ಪದರ ಏಳುವುದು ಮಾತ್ರ ತೊಂದರೆಯಾಗಿದ್ದರೆ, ಬುಡದಿಂದ ನುಣುಪಾದ ಉಗುರು ಅರ್ಧಕ್ಕಾದರೂ ಬರುವವರೆಗೆ ಬಿಡುವು ಕೊಡುವುದು ಒಳ್ಳೆಯದು, ಅಂದರೆ ಎರಡು ಮೂರು ತಿಂಗಳು. ನಡುವೆ ಮದುವೆಯೋ ಮುಂಜಿಯೋ ಬಂದರೆ ಸಾದಾ ಪಾಲಿಶ್ ಇದೆಯಲ್ಲ. ‘ಉಗುರಿಗೆ ಉಸಿರಾಡಲು ಬಿಡಬೇಕು’ ಎನ್ನುತ್ತಾರೆ. ಸತ್ತ ಕೋಶಗಳಿಗೆ ಉಸಿರೆಲ್ಲಿಂದ? ಬಿಡುವು ಬೇಕಾದದ್ದು ಬೆಳೆಯಲಿಕ್ಕೆ.

ಎದ್ದ ಉಗುರು, ಕಡಿಯುವ ಬೆರಳು

ಪದರ ಏಳುವುದು ಒಂದು. ಇಡೀ ಉಗುರೇ ಕೆಳಗಿನ ಮಾಂಸದಿಂದ ಬಿಟ್ಟು ಏಳುವುದು ಬೇರೆ. ತುದಿಯ ಬಿಳಿ ಭಾಗ ದಿನೇ ದಿನೇ ಬುಡದ ಕಡೆ ಹತ್ತುತ್ತ ಬಂದರೆ ಉಗುರು ಬಿಟ್ಟಿದೆ ಎಂದು ತಿಳಿಯಬೇಕು. ಆ ಸಂದಿಗೆ ನೀರು, ಹಿಟ್ಟು, ಖಾರಪುಡಿ ಹೋಗುತ್ತದೆ. ಪಿನ್ನಿನಿಂದ ಅದನ್ನು ಕೆದಕಿದರೆ ಇನ್ನಷ್ಟು ಬಿಡುತ್ತದೆ. ಒದ್ದೆಯಾಗಿಯೇ ಇದ್ದರೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸೇರಿ ಉಗುರು ಹಸಿರು ಬಣ್ಣಕ್ಕೆ ತಿರುಗುತ್ತದೆ. ಎಷ್ಟೋ ಜನ ಅದನ್ನು ಜೆಲ್ಲಿನ ಕಲೆ ಎಂದುಕೊಂಡು ಮೇಲೆ ಇನ್ನೊಂದು ಕೋಟ್ ಹಚ್ಚಿಸುತ್ತಾರೆ, ಅದು ಬೆಂಕಿ ಮುಚ್ಚಿಟ್ಟಂತೆಯೇ ಸರಿ. ಬಿಟ್ಟ ಭಾಗವನ್ನು ಕತ್ತರಿಸಿ, ಒಣಗಿಸಿಟ್ಟುಕೊಂಡು, ವೈದ್ಯರಿಗೆ ತೋರಿಸಬೇಕು. ಬುಡದ ಚರ್ಮ ಕೆಂಪಾಗಿ ಊದಿ ಕೀವು ತುಂಬಿದರೆ ಅದು ಉಗುರುಸುತ್ತು. ಪಾರ್ಲರಿನಲ್ಲಿ ಬುಡದ ತೆಳು ಚರ್ಮವನ್ನು ಕತ್ತರಿಸಿಕೊಂಡವರಿಗೆ ಇದು ಬೇಗ ಬರುತ್ತದೆ. ಆ ಚರ್ಮ ಇರುವುದೇ ಬಾಗಿಲು ಕಾಯಲು, ಅದನ್ನು ಕತ್ತರಿಸಬೇಡಿ ಎಂದು ಮೊದಲೇ ಹೇಳಿ.

ಉಗುರು ದಪ್ಪಗಾಗಿ ಹಳದಿಯಾದರೆ ಫಂಗಸ್ ಇರಬಹುದು. ಆದರೆ ಜೆಲ್‌ನಿಂದ ಕೆಟ್ಟ ಉಗುರೂ ಕೆಲವೊಮ್ಮೆ ನೋಡಲು ಹಾಗೇ ಕಾಣುತ್ತದೆ. ಫಂಗಸ್ಸಿನ ಗುಳಿಗೆ ತಿಂಗಳುಗಟ್ಟಲೆ ನುಂಗುವಂಥದ್ದು. ಉಗುರಿನ ಚೂರು ಕೆರೆದು ಪರೀಕ್ಷಿಸಿ ಖಚಿತ ಮಾಡಿಕೊಳ್ಳದೆ ಶುರು ಮಾಡಬಾರದು. ಕೌಂಟರಿನಲ್ಲಿ ಕೇಳಿದೊಡನೆ ಕೊಡುವ, ಸ್ಟೀರಾಯ್ಡ್ ಬೆರೆತ ಮಿಕ್ಸ್ ಕ್ರೀಮ್ ಎರಡು ದಿನ ಕಡಿತ ನಿಲ್ಲಿಸುತ್ತದೆ, ಕಾಯಿಲೆಯನ್ನು ಮರೆಯಲ್ಲಿ ಬೆಳೆಸುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಕಡಿತ. ಜೆಲ್ ಹಚ್ಚಿದ ಒಂದೆರಡು ದಿನದಲ್ಲಿ ಬೆರಳ ತುದಿ ಕಡಿದು, ಕೆಂಪಾಗಿ, ಸಣ್ಣ ಗುಳ್ಳೆ ಎದ್ದು ಸಿಪ್ಪೆ ಸುಲಿದರೆ ಅದು ಮೆಥಾಕ್ರಿಲೇಟ್ ಅಲರ್ಜಿ ಇರಬಹುದು. ಕೆಲವರಿಗೆ ಕೈಯಲ್ಲಿ ಏನೂ ಇಲ್ಲದೆ ಕಣ್ಣಿನ ರೆಪ್ಪೆಯೋ ಕುತ್ತಿಗೆಯೋ ಊದಿಕೊಳ್ಳುತ್ತದೆ, ಆ ಬೆರಳಿನಿಂದ ಮುಟ್ಟಿಕೊಂಡ ಜಾಗ ಅದು. ಜೆಲ್ ಚೆನ್ನಾಗಿ ಗಟ್ಟಿಯಾದರೆ ಅಪಾಯ ಕಡಿಮೆ. ಹಸಿಯಾಗಿ ಚರ್ಮಕ್ಕೆ ತಗುಲಿದ್ದು, ಅರೆಬರೆ ಗಟ್ಟಿಯಾದದ್ದು ಅಲರ್ಜಿ ಹುಟ್ಟಿಸುತ್ತದೆ. ಮನೆಯ ಕಿಟ್‌ಗಳ ತೊಂದರೆ ಇಲ್ಲೇ ಇದೆ. ಒಂದು ಕಂಪನಿಯ ಜೆಲ್, ಇನ್ನೊಂದು ಕಂಪನಿಯ ದೀಪ, ಕಿರಣದ ಅಳತೆ ಹೊಂದುವುದಿಲ್ಲ. ಮೇಲೆ ಗಟ್ಟಿ ಅನ್ನಿಸಿದರೂ ಒಳಗೆ ಹಸಿ. ಕರೆಂಟ್ ಹೋದರಂತೂ ಮುಗಿಯಿತು. ಶಕ್ತಿನಗರದಲ್ಲಿ ರಾಜ್ಯಕ್ಕೆಲ್ಲ ವಿದ್ಯುತ್ ತಯಾರಿಸುವ ಜಿಲ್ಲೆ ನಮ್ಮದು, ಆದರೂ ಕರೆಂಟ್ ಹೋಗುವುದು ಇಲ್ಲಿ ಯಾರಿಗೂ ಹೊಸದಲ್ಲ.

ಈ ಅಲರ್ಜಿ ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ. ಮೊದಲೇ ಹೇಳಿದ ಹಲ್ಲಿನ ನಂಟು ಈಗ ನೆನಪಿಸಿಕೊಳ್ಳಿ. ಹಲ್ಲಿಗೆ ತುಂಬುವ ಸಿಮೆಂಟು, ಮಂಡಿ ಕೀಲು ಬದಲಿಸುವಾಗ ಎಲುಬಿಗೆ ಹಾಕುವ ಸಿಮೆಂಟು, ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಕೆಲವು ಸೆನ್ಸರ್‌ಗಳ ಅಂಟು, ಎಲ್ಲವೂ ಇದೇ ಬಳಗ. ಇಪ್ಪತ್ತರ ವಯಸ್ಸಿನಲ್ಲಿ ಉಗುರಿಗೆ ಹತ್ತಿಸಿಕೊಂಡ ಅಲರ್ಜಿಯನ್ನು ಅರವತ್ತರಲ್ಲಿ ಮಂಡಿಯ ಆಪರೇಷನ್ನಿಗೆ ಮುಂಚೆ ವೈದ್ಯರಿಗೆ ಹೇಳಬೇಕಾಗುತ್ತದೆ. ಈ ಬಳಗದಲ್ಲಿ ಹೆಚ್ಚು ಕಾಟ ಕೊಡುವುದು ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್, ಚಿಕ್ಕದಾಗಿ ಹೆಮಾ. ಐರೋಪ್ಯ ಒಕ್ಕೂಟ 2020ರಲ್ಲಿ ಇದನ್ನು ವೃತ್ತಿಪರರು ಮಾತ್ರ ಬಳಸಬೇಕೆಂದು ನಿಯಮ ಮಾಡಿತು. ಜೆಲ್ ಗಟ್ಟಿಯಾಗಲು ಬೆರೆಸುತ್ತಿದ್ದ ಟಿಪಿಒ ಎಂಬ ಇನ್ನೊಂದು ವಸ್ತುವನ್ನು, ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಸಂತಾನಶಕ್ತಿಗೆ ಮಾರಕವೆಂದು ಕಂಡದ್ದರಿಂದ, 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಅಲ್ಲಿ ಬೇಡವಾದ ಸರಕು ಅಗ್ಗದ ದರಕ್ಕೆ ಎಲ್ಲಿಗೆ ಬಂದೀತು ಎಂದು ಯೋಚಿಸುವುದು ತಪ್ಪಲ್ಲ. ಘಟಕಗಳ ಪಟ್ಟಿಯೇ ಇಲ್ಲದ ಬಾಟಲಿಗೆ ಕೈ ಒಡ್ಡಬೇಡಿ. ಕಡಿತ ಶುರುವಾಯಿತೋ, ಬೇರೆ ಕಂಪನಿಯ ಜೆಲ್ ನೋಡೋಣ ಎನ್ನದೆ ಪೂರ್ತಿ ನಿಲ್ಲಿಸಿ.

ದೀಪದ ಬಗ್ಗೆ ಕೇಳುವವರೂ ಹೆಚ್ಚಾಗಿದ್ದಾರೆ: ಕ್ಯಾನ್ಸರ್ ಬರುತ್ತದಂತೆ, ಹೌದೇ? 2023ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ವಿಜ್ಞಾನಿಗಳು ಇಂಥ ದೀಪದ ಕೆಳಗೆ ಮನುಷ್ಯರ ಮತ್ತು ಇಲಿಗಳ ಕೋಶಗಳನ್ನಿಟ್ಟು ನೋಡಿದರು. ಒಂದೇ ಸಲ 20 ನಿಮಿಷ ಇಟ್ಟಾಗ ಶೇ 20ರಿಂದ 30ರಷ್ಟು ಕೋಶಗಳು ಸತ್ತವು, ಉಳಿದವುಗಳ ಡಿಎನ್‌ಎಗೂ ಪೆಟ್ಟಾಗಿತ್ತು. ಅದು ತಟ್ಟೆಯಲ್ಲಿಟ್ಟ ಕೋಶಗಳ ಮಾತು. ಮೇಲೆ ಚರ್ಮದ ಹೊದಿಕೆ ಇರುವ, ಕೆಲವೇ ನಿಮಿಷ ದೀಪದ ಕೆಳಗಿರುವ ಕೈಗೆ ಅಷ್ಟೇ ಆಗುತ್ತದೆ ಎನ್ನಲಾಗದು. ಹಾಗೆಂದು ಎಚ್ಚರಿಕೆಗೆ ಹೆಚ್ಚು ಖರ್ಚೇನೂ ಇಲ್ಲ. ಬೆರಳ ತುದಿ ಕತ್ತರಿಸಿದ ಹತ್ತಿಯ ಕೈಗವಸು ಸಾಕು, ಇಲ್ಲವೇ ಮೊದಲೇ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ. ಮೊಡವೆಗೆಂದು ಡಾಕ್ಸಿಸೈಕ್ಲಿನ್ ಗುಳಿಗೆ ತಿನ್ನುತ್ತಿರುವ ಹುಡುಗಿಯರು ಮಾತ್ರ ಅದು ಮುಗಿಯುವವರೆಗೆ ದೀಪದಿಂದ ದೂರವಿರುವುದು ಲೇಸು. ಆ ಔಷಧದ ಜೊತೆ ಅತಿನೇರಳೆ ಕಿರಣ ಸೇರಿದರೆ ಉಗುರು ಮಾಂಸದಿಂದ ಬಿಡುವುದುಂಟು.

ಉಗುರು ಹೇಳುವ ಸುದ್ದಿ

ನಾಡಿ ಹಿಡಿಯುವ ಮುಂಚೆ ಉಗುರು ನೋಡುವ ವೈದ್ಯರು ಇಂದಿಗೂ ಇದ್ದಾರೆ. ರಕ್ತಹೀನತೆ ಹೆಚ್ಚಾದರೆ ಉಗುರು ಬಿಳಿಚಿಕೊಂಡು, ತೆಳುವಾಗಿ, ಚಮಚದಂತೆ ನಡುವೆ ತಗ್ಗಾಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ಜೆಲ್ ನಿಲ್ಲಿಸಿ ಮೂರು ನಾಲ್ಕು ತಿಂಗಳಾದರೂ ಬುಡದಿಂದ ಬರುವ ಹೊಸ ಉಗುರು ತೆಳ್ಳಗೇ ಇದ್ದರೆ ತಪ್ಪು ಜೆಲ್ಲಿನದಲ್ಲದಿರಬಹುದು. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಉಗುರನ್ನು ಗಮನಿಸಲು ನಮ್ಮ ಭಾಗಕ್ಕೆ ಇನ್ನೊಂದು ಕಾರಣವೂ ಇದೆ. ಕೃಷ್ಣೆಯ ಆಚೆ ದಡದ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟಿದ್ದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ಕೂ ಇರುವ ಶಿಲೆಗಳ ಸೀಮೆ ಇದು. ಆರ್ಸೆನಿಕ್ ಮೈಗೆ ಸೇರಿದರೆ ಉಗುರಿನಲ್ಲಿ ಶೇಖರವಾಗುತ್ತದೆ, ಕೆಲವರಲ್ಲಿ ಅಡ್ಡಕ್ಕೆ ಬಿಳಿ ಗೆರೆಯಾಗಿ ತೋರುತ್ತದೆ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆಯನ್ನೂ ವೈದ್ಯರು ನೋಡಬೇಕು. ವರ್ಷವಿಡೀ ಒಂದರ ಮೇಲೊಂದು ಜೆಲ್ ಹಚ್ಚುತ್ತ ಹೋದರೆ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ. ಒಂದು ಜೆಲ್ ತೆಗೆಸಿದ ಮೇಲೆ ಇನ್ನೊಂದು ಹಚ್ಚಿಸುವ ಮುಂಚೆ ಬರಿ ಉಗುರನ್ನು ಹಗಲು ಬೆಳಕಿನಲ್ಲಿ ಒಮ್ಮೆ ನೋಡಿಕೊಳ್ಳಿ. ಸಂಶಯ ಬಂದರೆ ದೇವದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಮುಂದೆ ರಾಯಚೂರಿನ ರಿಮ್ಸ್ ಆಸ್ಪತ್ರೆ ಇದೆ. ಹೋಗುವಾಗ ಉಗುರಿನ ಮೇಲೆ ಬಣ್ಣ ಇರಬಾರದು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರಕ್ಕೂ ಗಾಢ ಬಣ್ಣ ಅಡ್ಡ ಬರಬಹುದು.

ತೆಗೆಯುವುದಕ್ಕೂ ಒಂದು ದರ

ಈ ಜೆಲ್ ವ್ಯವಹಾರದಲ್ಲಿ ಹೆಚ್ಚು ಅಪಾಯಕ್ಕೆ ಕೈಯೊಡ್ಡಿರುವವರು ಗಿರಾಕಿಗಳಿಗಿಂತ ಪಾರ್ಲರಿನ ಹೆಣ್ಣುಮಕ್ಕಳು. ಗಿರಾಕಿಗೆ ತಿಂಗಳಿಗೊಮ್ಮೆ ತಗುಲುವ ರಾಸಾಯನಿಕ ಅವರಿಗೆ ಸೀಜನ್‌ನಲ್ಲಿ ದಿನವೂ. ನಮ್ಮ ಊರುಗಳ ಪಾರ್ಲರ್ ಎಂದರೆ ಬಹುಪಾಲು ಒಂದು ಕೋಣೆ, ಹೆಂಗಸರ ಜಾಗವೆಂದು ಸದಾ ಎಳೆದಿಟ್ಟ ಪರದೆ, ಮುಚ್ಚಿದ ಕಿಟಕಿ. ಅಸಿಟೋನ್ ವಾಸನೆಯೂ ಉಜ್ಜಿದ ದೂಳೂ ಒಳಗೇ ಸುತ್ತುತ್ತಿರುತ್ತವೆ. ಬಟ್ಟೆಯ ಮಾಸ್ಕ್ ವಾಸನೆಯನ್ನು ತಡೆಯುವುದಿಲ್ಲ. ಗಾಳಿ ಹೊರಗೆ ಎಳೆಯುವ ಒಂದು ಫ್ಯಾನು ಬೇಕು. ಕೈಗೆ ತೆಳು ಗ್ಲೌಸ್ ಹಾಕಿದರೂ ಮೆಥಾಕ್ರಿಲೇಟ್ ಕೆಲವೇ ನಿಮಿಷದಲ್ಲಿ ಅದನ್ನು ದಾಟಬಲ್ಲದು. ಆದ್ದರಿಂದ ನೈಟ್ರೈಲ್ ಗ್ಲೌಸ್ ಇರಲಿ, ಜೆಲ್ ತಗುಲಿದ ತಕ್ಷಣ ಬದಲಿಸಿ. ಈ ಕೆಲಸದಿಂದಲೇ ಮನೆ ನಡೆಸುವ ಹೆಣ್ಣುಮಗಳಿಗೆ ಅಲರ್ಜಿ ಹತ್ತಿದರೆ ಹೋಗುವುದು ಉಗುರಿನ ಅಂದವಲ್ಲ, ಕಸುಬು.

ಅವರು ಅವಸರದಲ್ಲಿ ಕೆರೆಯುತ್ತಾರೆ ಎಂದು ದೂರುವುದು ಸುಲಭ. ಆದರೆ ಯಾಕೆ ಅವಸರ? ಹಚ್ಚಲು ನೂರಾರು ರೂಪಾಯಿ ಕೊಡುವ ಗಿರಾಕಿ ತೆಗೆಯಲು ಏನೂ ಕೊಡಲು ಒಪ್ಪುವುದಿಲ್ಲ. ‘ಹಾಕಿದೋರು ನೀವ, ತಗೀಲಿಕ್ಕೂ ರೊಕ್ಕ ಕೇಳ್ತೀರಿ?’ ಎನ್ನುತ್ತಾರೆ. ಪುಕ್ಕಟೆ ಕೆಲಸಕ್ಕೆ ಯಾರೂ ಅರ್ಧ ಗಂಟೆ ಕೊಡಲಾರರು. ಹಾಗಾಗಿ ಪುಷರ್ ಬಲವಾಗಿ ಓಡುತ್ತದೆ, ಇಲ್ಲವೇ ಗಿರಾಕಿಯೇ ಮನೆಯಲ್ಲಿ ಬ್ಲೇಡ್ ಹಿಡಿಯುತ್ತಾಳೆ.

ಇದಕ್ಕೆ ಮದ್ದು ಎರಡೂ ಕಡೆ ಇದೆ. ಪಾರ್ಲರಿನವರು ಮದುವೆ ಪ್ಯಾಕೇಜಿನ ದರದಲ್ಲೇ ತೆಗೆಯುವ ಖರ್ಚು ಸೇರಿಸಿ, ಮೂರನೇ ವಾರದ ಒಂದು ತಾರೀಖು ಬರೆದು ಕೊಡಲಿ. ಮದುಮಗಳು ಗಂಡನ ಮನೆಗೆ ಮಾನ್ವಿಗೋ ಲಿಂಗಸುಗೂರಿಗೋ ಹೋಗುವವಳಾದರೆ ಅಸಿಟೋನ್ ಬಾಟಲಿ, ಹತ್ತಿ, ಫಾಯಿಲ್ ಚೂರು, ಕಟ್ಟಿಗೆಯ ಕಡ್ಡಿ ಒಂದು ಪೊಟ್ಟಣದಲ್ಲಿ ಕಟ್ಟಿ, ಬಳಸುವ ಬಗೆ ಹೇಳಿ ಕಳಿಸಲಿ. ಇನ್ನು ಗಿರಾಕಿಗಳು. ಹಚ್ಚಿಸಲು ಎಷ್ಟು ಎಂದು ಕೇಳುವಾಗಲೇ ತೆಗೆಸಲು ಎಷ್ಟು, ಎಷ್ಟು ಹೊತ್ತು ಬೇಕು ಎಂದೂ ಕೇಳಿ. ಆ ಅರ್ಧ ಗಂಟೆಗೆ ದುಡ್ಡೂ ಪುರುಸೊತ್ತೂ ಇಲ್ಲ ಎನ್ನುವುದಾದರೆ ಆ ಸಲ ಜೆಲ್ ಬೇಡ, ಸಾದಾ ಪಾಲಿಶ್ ಸಾಕು.